1926ರ ಮೂಕಿ ಚಿತ್ರ ‘ದಿ ಜನರಲ್’ ಇವತ್ತಿಗೂ ನಿಲ್ಲುತ್ತಾ? ನೋಡಿದವರು ಹೇಳಿ

ಕಾಫಿಕಣ

ಎಲ್ಲರಿಗೂ ನಮಸ್ಕಾರ. ಕಳೆದ ಶನಿವಾರ ರಾತ್ರಿ ನಮ್ಮ ಮನೆ ಪಕ್ಕದ ಗೋಡೌನಿನಲ್ಲಿ ಬಿಳಿ ಪಂಚೆ ಕಟ್ಟಿ ಬಸ್ಟರ್ ಕೀಟನ್ ಅವರ ‘ದಿ ಜನರಲ್’ ಹಾಕಿದ್ದೆ. ಇಪ್ಪತ್ತು, ಇಪ್ಪತ್ತೆರಡು ಜನ ಬಂದಿದ್ದರು. ಅಕ್ಕಪಕ್ಕದ ಮನೆಯವರು, ಅವರ ಮಕ್ಕಳು, ನಮ್ಮ ಅಜ್ಜಿ, ದೊಡ್ಡಪ್ಪ, ದೊಡ್ಡಪ್ಪನ ಜೊತೆ ಮಿಲಿಟರಿಯಲ್ಲಿದ್ದ ಇಬ್ಬರು ಹಿರಿಯರು.

ಆ ಹಿರಿಯರು ಬಂದ ಕಾರಣವೇ ಬೇರೆ. ‘ಜನರಲ್’ ಅಂದ ಕೂಡಲೇ ತಿಮ್ಮಯ್ಯನವರ ಚಿತ್ರ ಅಂದುಕೊಂಡಿದ್ದರು. ಮಡಿಕೇರಿ ಸುತ್ತಮುತ್ತ ಜನರಲ್ ಅಂದರೆ ಇನ್ಯಾರು ಅಲ್ವಾ? ಇದು ಒಂದು ರೈಲು ಎಂಜಿನ್ನಿನ ಹೆಸರು ಅಂತ ಹೇಳಿದೆ. ‘ಮಳೆಯಲ್ಲಿ ಇಷ್ಟು ದೂರ ಬಂದಾಗಿದೆ, ನೋಡಿಕೊಂಡೇ ಹೋಗ್ತೇವೆ’ ಅಂದು ಕೂತರು.

ಮಳೆ ಅಂದರೆ ನಮ್ಮ ಜುಲೈ ಮಳೆ. ಗೋಡೌನಿನ ಮೇಲೆ ತಗಡಿನ ಶೀಟು. ಪಕ್ಕದವರು ಕೂಗಿದರೂ ಕೇಳುವುದಿಲ್ಲ. ಮಾತಿನ ಚಿತ್ರ ಹಾಕಿದ್ದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಇದಕ್ಕೆ ಮಾತು ಕೇಳುವುದೇ ಬೇಕಿರಲಿಲ್ಲ. ನಡುವೆ ಬರುವ ಬರಹವನ್ನು ನಾನು ಜೋರಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಅದೂ ಹೆಚ್ಚಿಲ್ಲ.

ನೋಡದವರಿಗೆ ಕಥೆ ಹೇಳಿಬಿಡುತ್ತೇನೆ. ಅಮೆರಿಕದ ಅಂತರ್ಯುದ್ಧ ಶುರುವಾದ ಸಮಯ. ಜಾನಿ ಗ್ರೇ ಅನ್ನುವ ರೈಲು ಡ್ರೈವರ್‌ಗೆ (ಕೀಟನ್ ಅವರೇ ಮಾಡಿದ ಪಾತ್ರ) ಎರಡು ಪ್ರೀತಿ. ಒಂದು ಅವನ ಎಂಜಿನ್, ಇನ್ನೊಂದು ಆನಬೆಲ್ ಅನ್ನುವ ಹುಡುಗಿ. ಹುಡುಗಿಯ ಅಪ್ಪ, ಅಣ್ಣ ಸೈನ್ಯ ಸೇರಲು ಹೊರಡುತ್ತಾರೆ. ಇವನು ಅವರಿಗಿಂತ ಮುಂಚೆ ಓಡಿ ಸಾಲಿನಲ್ಲಿ ನಿಲ್ಲುತ್ತಾನೆ. ಇವನನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ರೈಲು ಓಡಿಸುವವನಾಗಿಯೇ ಇದ್ದರೆ ಹೆಚ್ಚು ಉಪಯೋಗ ಅಂತ ಅಧಿಕಾರಿಗಳು ಒಳಗೊಳಗೇ ಮಾತಾಡಿಕೊಳ್ಳುತ್ತಾರೆ. ಅವನಿಗೆ ಅದನ್ನು ಯಾರೂ ಹೇಳುವುದಿಲ್ಲ. ತಾನು ಕುಳ್ಳ ಅಂತ ಬೇಡ ಅಂದರೇನೋ ಅಂತ ಪಕ್ಕದ ಎತ್ತರದ ಮನುಷ್ಯನನ್ನು ತಲೆ ಎತ್ತಿ ನೋಡುತ್ತಾನೆ. ಅತ್ತ ಹುಡುಗಿ ಅವನು ಹೆದರಿಕೊಂಡ ಅಂದುಕೊಳ್ಳುತ್ತಾಳೆ. ಯೂನಿಫಾರ್ಮ್ ಹಾಕಿಕೊಂಡು ಬರುವವರೆಗೆ ಮಾತಾಡಬೇಡ ಅನ್ನುತ್ತಾಳೆ.

ಆಮೇಲೆ ಬರುವುದೇ ನಾನು ಹೇಳಬೇಕಾದ ದೃಶ್ಯ. ಜಾನಿ ತನ್ನ ಎಂಜಿನ್ ಹತ್ತಿರ ಬಂದು, ಚಕ್ರಗಳನ್ನು ಜೋಡಿಸುವ ಉದ್ದನೆಯ ಕಬ್ಬಿಣದ ಸರಳಿನ ಮೇಲೆ ಕೂರುತ್ತಾನೆ. ಮುಖದಲ್ಲಿ ಏನೂ ಇಲ್ಲ. ಅಳು ಇಲ್ಲ, ಸಿಟ್ಟಿಲ್ಲ. ಒಳಗಿರುವ ಡ್ರೈವರ್ ಎಂಜಿನ್ ಬಿಡುತ್ತಾನೆ. ಸರಳು ಇವನನ್ನು ಎತ್ತುತ್ತದೆ, ಇಳಿಸುತ್ತದೆ, ಮತ್ತೆ ಎತ್ತುತ್ತದೆ. ಕೂತ ಭಂಗಿ ಹಾಗೇ ಇದೆ. ಶೆಡ್ಡಿನ ಬಾಗಿಲು ಬರುವ ಹೊತ್ತಿಗೆ ಅವನಿಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಕತ್ತಲೆಯೊಳಗೆ ಹೋಗಿಬಿಡುತ್ತಾನೆ.

ಹನ್ನೊಂದು ವರ್ಷದ ಹಿಂದೆ ನಾನೂ ಭರ್ತಿ ರ‍್ಯಾಲಿಗೆ ಹೋಗಿದ್ದೆ. ಓಟದಲ್ಲಿ ಪಾಸಾದೆ. ಮೆಡಿಕಲ್‌ನಲ್ಲಿ ಒಂದು ಚೀಟಿ ಕೊಟ್ಟು ಕಳಿಸಿದರು. ಯಾಕೆ ಅಂತ ಕೇಳಿದೆ, ‘ಮುಂದೆ ಹೋಗು’ ಅಂದರು. ನಮ್ಮ ಮನೆಯಲ್ಲಿ ಮೂರು ತಲೆಮಾರು ಮಿಲಿಟರಿ. ಬಂದು ಎರಡು ದಿನ ಕಣದಲ್ಲಿ ಒಣಗಲು ಹಾಕಿದ ಕಾಫಿ ಕೆದಕುತ್ತಾ ಕೂತಿದ್ದೆ. ಮನೆಯೊಳಗೆ ಹೋಗಲು ಕಾಲು ಬರಲಿಲ್ಲ. ಆ ಸರಳಿನ ದೃಶ್ಯ ನೋಡಿದಾಗ ಆ ಎರಡು ದಿನ ಪೂರ್ತಿ ನನ್ನ ಮುಂದೆ ಬಂತು. ಇಷ್ಟು ವರ್ಷದಲ್ಲಿ ಯಾವ ಮಾತಿನ ಚಿತ್ರವೂ ಅದನ್ನು ನನಗೆ ಹೀಗೆ ತೋರಿಸಿರಲಿಲ್ಲ.

ನನ್ನ ಪ್ರಕಾರ ಈ ಚಿತ್ರ ನಿಲ್ಲುತ್ತದೆ. ನಿಮಗೇನು ಅನ್ನಿಸುತ್ತದೆ? ಬೋರ್ ಆಯಿತು ಅನ್ನಿಸಿದ್ದರೂ ಬರೆಯಿರಿ.

ಗೋಣಿಕೊಪ್ಪಲು ಹುಡುಗ

ಅಣ್ಣ, ನಿಮ್ಮ ಅನುಭವದ ಬಗ್ಗೆ ಗೌರವ ಇದೆ. ನಾನು ಹಾಸ್ಟೆಲ್‌ನಲ್ಲಿ ಫೋನಿನಲ್ಲಿ ನೋಡಿದೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ಮೊದಲ ಕಾಲು ಗಂಟೆ ಎಳೆದ ಹಾಗಿತ್ತು. ಎರಡು ಸಲ ನಿಲ್ಲಿಸಿ ಬೇರೆ ಏನೋ ನೋಡಿದೆ. ಶತ್ರುಗಳು ಜಾನಿಯ ಎಂಜಿನ್ ಕದ್ದು, ಅವನು ಅಟ್ಟಿಸಿಕೊಂಡು ಹೋದ ಮೇಲೆ ಚೆನ್ನಾಗಿ ಓಡುತ್ತದೆ, ಒಪ್ಪುತ್ತೇನೆ. ಆದರೆ ಆ ಮುಖ! ಒಂದು ಸಲವೂ ನಗಲ್ಲ, ಅಳಲ್ಲ. ಅವನಿಗೆ ಏನಾಗುತ್ತಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನಟನೆ ಅಂದರೆ ಸ್ವಲ್ಪವಾದರೂ ತೋರಿಸಬೇಕಲ್ವಾ? ಚಾಪ್ಲಿನ್ ಚಿತ್ರ ನೋಡಿದರೆ ಹೀಗಾಗುವುದಿಲ್ಲ. ಎರಡೇ ನಿಮಿಷದಲ್ಲಿ ಮನಸ್ಸಿಗೆ ಹತ್ತಿರ ಆಗುತ್ತಾರೆ.

ಇನ್ನೊಂದು ಮಾತು. ನನ್ನ ಹಾಗೆ ದಿನಾ ರೀಲ್ಸ್ ನೋಡುವವನಿಗೆ ಬೀಳುವುದು, ಏಳುವುದು ಹೊಸದಲ್ಲ.

ಕುಶಾಲನಗರ ಎಡಿಟಿಂಗ್

ಗೋಣಿಕೊಪ್ಪಲು ತಮ್ಮಾ, ನೀನು ಯಾವ ಪ್ರಿಂಟ್ ನೋಡಿದೆ ಅನ್ನುವುದರ ಮೇಲೆ ಬಹಳ ನಿಂತಿದೆ. ನಾನು ಮದುವೆ ವಿಡಿಯೋ ಎಡಿಟ್ ಮಾಡುವವನು, ದಿನಾ ಸ್ಪೀಡ್ ಜೊತೆ ಕೆಲಸ. ಈ ಚಿತ್ರಕ್ಕೆ ಈಗ ಯಾರ ಹಕ್ಕೂ ಇಲ್ಲ, ಯಾರು ಬೇಕಾದರೂ ಹಾಕಬಹುದು. ಹಾಗಾಗಿ ಯೂಟ್ಯೂಬ್‌ನಲ್ಲಿ ಹತ್ತಾರು ಕಾಪಿ ಇವೆ. ಕೆಲವು ಮಸುಕು. ಕೆಲವಕ್ಕೆ ಎಲ್ಲಿಂದಲೋ ತಂದ ಪಿಯಾನೋ ಅಂಟಿಸಿದ್ದಾರೆ, ರೈಲು ಓಡುವಾಗಲೂ ಅದೇ, ಹುಡುಗಿ ಅಳುವಾಗಲೂ ಅದೇ.

ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಒಂದು ಸೆಕೆಂಡಿಗೆ ಇಷ್ಟೇ ಚಿತ್ರ ಅಂತ ಗಟ್ಟಿ ಲೆಕ್ಕ ಇರಲಿಲ್ಲ. ಮಾತು ಬಂದ ಮೇಲೆ 24 ಅಂತ ನಿಂತಿತು. ನಿಧಾನವಾಗಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಜನ ಪುಟುಪುಟು ಅಂತ ಓಡುತ್ತಾರೆ. ‘ಹಳೆ ಚಿತ್ರ ಅಂದರೆ ಹಾಗೇ’ ಅಂತ ನಮ್ಮ ತಲೆಯಲ್ಲಿ ಕೂತಿದೆ. ಅದು ಚಿತ್ರದ ತಪ್ಪಲ್ಲ, ತೋರಿಸಿದವರ ತಪ್ಪು.

ಸಂಗೀತ ಕೂಡ ಹಾಗೇ. ಕಾರ್ಲ್ ಡೇವಿಸ್ ಈ ಚಿತ್ರಕ್ಕೆ ಆರ್ಕೆಸ್ಟ್ರಾ ಸಂಗೀತ ಮಾಡಿದ್ದಾರೆ. ಜಪಾನಿನ ಜೋ ಹಿಸಾಯಿಶಿ ಕೂಡ ಮಾಡಿದ್ದಾರೆ. ನಾನು ಎರಡರ ಜೊತೆಗೂ ನೋಡಿದ್ದೇನೆ. ಡೇವಿಸ್ ಅವರದ್ದರಲ್ಲಿ ಎಂಜಿನ್ ಉಸಿರಾಡಿದ ಹಾಗೆ ಅನ್ನಿಸುತ್ತದೆ. ಒಮ್ಮೆ ಒಳ್ಳೆ ಪ್ರಿಂಟಿನಲ್ಲಿ, ದೊಡ್ಡ ಪರದೆಯಲ್ಲಿ ನೋಡು. ಆಮೇಲೂ ಬೋರ್ ಅನ್ನಿಸಿದರೆ ನಿನ್ನ ಮಾತು ನಾನು ಒಪ್ಪುತ್ತೇನೆ.

ರೈಲ್ವೆ ಕೊಡಗಿನವ

ಕೊಡಗಿನಲ್ಲಿ ಹುಟ್ಟಿ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದವನು ನಾನು. ನಮ್ಮ ಜಿಲ್ಲೆಯಲ್ಲಿ ಒಂದಡಿ ಹಳಿಯೂ ಇಲ್ಲ. ರೈಲು ಹತ್ತಬೇಕಾದರೆ ಮೈಸೂರಿಗೋ ಹಾಸನಕ್ಕೋ ಇಳಿಯಬೇಕು, ವಿರಾಜಪೇಟೆ ಕಡೆಯವರು ಕಣ್ಣೂರಿಗೋ ತಲಶ್ಶೇರಿಗೋ ಹೋಗಬೇಕು. ಮೊದಲ ಸಲ ರೈಲು ನೋಡಿದಾಗ ನನಗೆ ಒಂಬತ್ತು ವರ್ಷ. ಅದಕ್ಕೇ ಇರಬೇಕು, ಈ ಚಿತ್ರ ನನಗೆ ಎಲ್ಲರಿಗಿಂತ ಜಾಸ್ತಿ ಹಿಡಿಸಿತು.

ಕಾಫಿಕಣ ಹೇಳಿದ ಸರಳಿನ ದೃಶ್ಯದ ಬಗ್ಗೆ ಒಂದು ವಿಷಯ ಸೇರಿಸುತ್ತೇನೆ. ಸ್ಟೀಮ್ ಎಂಜಿನ್ ನಿಂತಲ್ಲಿಂದ ಹೊರಡುವಾಗ ಹಬೆ ಸ್ವಲ್ಪ ಜಾಸ್ತಿ ಬಿಟ್ಟರೆ ಚಕ್ರ ಹಳಿಯ ಮೇಲೆ ಜಾರಿ ಗಿರ್ರನೆ ಸುತ್ತುತ್ತದೆ. ಹಾಗಾದರೆ ಸರಳಿನ ಮೇಲೆ ಕೂತವನು ಅಲ್ಲೇ ಮುಗಿದ. ಅದು ಗೊತ್ತಿದ್ದೇ ಕೀಟನ್ ಕೂತಿದ್ದಾರೆ. ಬೇರೆ ಯಾರನ್ನೂ ಕೂರಿಸಲಿಲ್ಲ. ಅವರು ಅಷ್ಟು ಶಾಂತವಾಗಿ ಕಾಣುವುದು ನಮ್ಮಂಥವರಿಗೆ ಮೈ ಜುಮ್ ಅನ್ನಿಸುತ್ತದೆ.

ಸ್ಲೀಪರ್, ಅಂದರೆ ಹಳಿಯ ಕೆಳಗೆ ಅಡ್ಡ ಹಾಕುವ ಮರ, ಎಸೆಯುವ ದೃಶ್ಯ ನೆನಪಿದೆಯಾ? ಎಂಜಿನ್ನಿನ ಮೂತಿಯ ಕೆಳಗಿರುವ ಕಬ್ಬಿಣದ ಜಾಲರಿಯ ಮೇಲೆ ಕೂತಿದ್ದಾನೆ, ತೊಡೆಯ ಮೇಲೆ ಒಂದು ದಪ್ಪ ಸ್ಲೀಪರ್ ಮರ. ಮುಂದೆ ಹಳಿಯ ಮೇಲೆ ಅಡ್ಡಲಾಗಿ ಇನ್ನೊಂದು ಬಿದ್ದಿದೆ. ರೈಲು ಓಡುತ್ತಲೇ ಇದೆ. ಕೈಯಲ್ಲಿದ್ದದ್ದನ್ನು ಎತ್ತಿ ಬಿದ್ದಿರುವುದರ ತುದಿಗೆ ಎಸೆಯುತ್ತಾನೆ, ಎರಡೂ ಹಾರಿ ಪಕ್ಕಕ್ಕೆ ಬೀಳುತ್ತವೆ. ಒಂದು ಗೇಣು ತಪ್ಪಿದ್ದರೂ ಎಂಜಿನ್ ಹಳಿ ತಪ್ಪುತ್ತಿತ್ತು. ಇದನ್ನು ನಾನು ನನ್ನ ಜೊತೆ ಕೆಲಸ ಮಾಡುವ ನಾಲ್ಕು ಜನರಿಗೆ ತೋರಿಸಿದೆ. ಒಬ್ಬರೂ ನಗಲಿಲ್ಲ. ಎಲ್ಲರೂ ‘ಇನ್ನೊಮ್ಮೆ ಹಾಕು’ ಅಂದರು.

ಇನ್ನು ಸೇತುವೆ. ಅದು ಗೊಂಬೆ ಸೇತುವೆ ಅಲ್ಲ. ಆರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಹತ್ತಿರ ರೌ ನದಿಗೆ ಮರದ ಸೇತುವೆ ಕಟ್ಟಿ, ಅದರ ಮೇಲೆ ನಿಜವಾದ ಎಂಜಿನ್ ಓಡಿಸಿ ಬೀಳಿಸಿದರು. ಜುಲೈ 1926. ಆ ಒಂದೇ ದೃಶ್ಯಕ್ಕೆ ಸುಮಾರು 42,000 ಡಾಲರ್ ಖರ್ಚು. ಮೂಕಿ ಚಿತ್ರಗಳಲ್ಲೇ ಅತಿ ದುಬಾರಿ ದೃಶ್ಯ ಅಂತ ಅದಕ್ಕೆ ಹೆಸರು. ಎರಡನೇ ಸಲ ತೆಗೆಯುವ ಮಾತೇ ಇಲ್ಲ. ಬಿದ್ದ ಎಂಜಿನ್ ವರ್ಷಗಟ್ಟಲೆ ನದಿಯಲ್ಲೇ ಇತ್ತು, ಎರಡನೇ ಮಹಾಯುದ್ಧದ ಸಮಯದಲ್ಲಿ ಗುಜರಿಗೆ ಎತ್ತಿದರು.

ಗೋಣಿಕೊಪ್ಪಲು ಹುಡುಗ

ನಿಜವಾದ ಎಂಜಿನ್ನಾ? ನನಗೆ ಗೊತ್ತಿರಲಿಲ್ಲ. ಆ ದೃಶ್ಯ ನೋಡುವಾಗ ಸುಮ್ನೆ ಮಾಡೆಲ್ ಅಂದುಕೊಂಡು ಮುಂದೆ ತಳ್ಳಿಬಿಟ್ಟೆ.

ಮಕ್ಕಂದೂರು ಮನೆ

ಸೇತುವೆ ಬೀಳುವಾಗ ನಮ್ಮ ಮನೆಯಲ್ಲಿ ಎಲ್ಲರೂ ಗಪ್ ಅಂತ ಕೂತುಬಿಟ್ಟೆವು. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಮೇಲೆ ರಸ್ತೆ, ಸೇತುವೆ, ಗುಡ್ಡ ಬೀಳುವುದನ್ನು ತೆರೆಯ ಮೇಲೂ ನೋಡಲು ಆಗುವುದಿಲ್ಲ. ಆದರೆ ಆಮೇಲೆ ಆ ಅಧಿಕಾರಿಯ ಮುಖ ತೋರಿಸುತ್ತಾರೆ. ‘ಸೇತುವೆ ಅಷ್ಟೇನೂ ಸುಟ್ಟಿಲ್ಲ, ರೈಲು ಬಿಡಿ’ ಅಂತ ಆಜ್ಞೆ ಮಾಡಿದವನು ಅವನೇ. ಬಾಯಿ ತೆರೆದುಕೊಂಡು ನಿಂತಿದ್ದಾನೆ. ಆ ಮುಖ ನಮಗೆ ಚೆನ್ನಾಗಿ ಗೊತ್ತು. ಅದಕ್ಕೆ ಒಂದು ಮಾತೂ ಬೇಕಾಗಿಲ್ಲ.

ಸಿದ್ದಾಪುರದವಳು

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಬೇರೆ ಮಾತು ಹೇಳಲೇಬೇಕು. ಬೇಜಾರು ಮಾಡಿಕೊಳ್ಳಬೇಡಿ.

ಈ ಚಿತ್ರದ ನಾಯಕ ಯಾವ ಪಕ್ಷದವನು? ದಕ್ಷಿಣದ ರಾಜ್ಯಗಳ ಪಕ್ಷ. ಅಂದರೆ ಗುಲಾಮಗಿರಿ ಉಳಿಯಬೇಕು ಅಂತ ಯುದ್ಧಕ್ಕೆ ಇಳಿದವರು. ಕಥೆಯ ಮೂಲ 1862ರಲ್ಲಿ ನಿಜವಾಗಿ ನಡೆದದ್ದು. ಆಗ ಉತ್ತರದ ಸೈನಿಕರು ಮಾರುವೇಷದಲ್ಲಿ ಹೋಗಿ ಜಾರ್ಜಿಯಾದಲ್ಲಿ ಜನರಲ್ ಅನ್ನುವ ಎಂಜಿನ್ ಕದ್ದರು, ದಾರಿಯ ಸೇತುವೆಗಳನ್ನು ಸುಡುವುದು ಉದ್ದೇಶ. ಸಿಕ್ಕಿಬಿದ್ದರು. ಎಂಟು ಜನರನ್ನು ಗಲ್ಲಿಗೆ ಹಾಕಿದರು. ಅಮೆರಿಕದ ಅತಿ ದೊಡ್ಡ ಸೇನಾ ಪದಕ ಮೆಡಲ್ ಆಫ್ ಆನರ್ ಮೊಟ್ಟಮೊದಲು ಸಿಕ್ಕಿದ್ದು ಆ ದಾಳಿಯ ಸೈನಿಕರಿಗೇ. ಆ ದಾಳಿಯಲ್ಲಿದ್ದವರೊಬ್ಬರು ಬರೆದ ಪುಸ್ತಕವೇ ಈ ಚಿತ್ರಕ್ಕೆ ಆಧಾರ. ಕೀಟನ್ ಅದನ್ನು ತಿರುಗಿಸಿ, ಕದ್ದವರನ್ನು ಕೆಟ್ಟವರಾಗಿ, ಅಟ್ಟಿಸಿಕೊಂಡು ಹೋದವನನ್ನು ನಾಯಕನಾಗಿ ಮಾಡಿದರು. ದಕ್ಷಿಣದವರನ್ನು ಖಳರಾಗಿ ತೋರಿಸಿದರೆ ಜನ ಒಪ್ಪುವುದಿಲ್ಲ ಅನ್ನುವುದು ಅವರ ಲೆಕ್ಕ.

ನನ್ನನ್ನು ಕಾಡಿದ್ದು ಇನ್ನೂ ಒಂದಿದೆ. ಇಡೀ ಚಿತ್ರದಲ್ಲಿ ಗುಲಾಮರ ಬದುಕು ಅಂತ ಒಂದು ನಿಮಿಷ ಇಲ್ಲ. ದಕ್ಷಿಣದ ಎಷ್ಟೋ ರೈಲು ಹಾದಿಗಳಿಗೆ ಮಣ್ಣು ಹೊತ್ತವರು, ಹಳಿ ಹಾಕಿದವರು ಆ ಗುಲಾಮರೇ. ಹಳಿ ಇದೆ, ಹಾಕಿದವರು ಇಲ್ಲ. ನಾನು ತೋಟದ ಕೂಲಿಕಾರರ ಲೈನ್‌ಮನೆಯಲ್ಲಿ ಬೆಳೆದವಳು. ನಮ್ಮ ಅಜ್ಜಿ ಐವತ್ತು ವರ್ಷ ತೋಟದಲ್ಲಿ ಕಾಫಿ ಕುಯ್ದರು. ಕೊಡಗಿನ ಸೊಬಗು ಅಂತ ಬರುವ ಫೋಟೋಗಳಲ್ಲಿ ಗಿಡ ಇರುತ್ತದೆ, ಹೂ ಇರುತ್ತದೆ, ಮಂಜು ಇರುತ್ತದೆ. ನಮ್ಮ ಅಜ್ಜಿ ಇರುವುದಿಲ್ಲ. ಹಾಗಾಗಿ ಈ ಚಿತ್ರ ನೋಡುವಾಗ ನನ್ನ ಕಣ್ಣು ಯಾರು ಕಾಣುತ್ತಿಲ್ಲ ಅಂತಲೇ ಹುಡುಕುತ್ತಿತ್ತು.

ನಿಲ್ಲುತ್ತದೆಯಾ ಅಂತ ಕೇಳಿದಿರಿ. ಎಂಜಿನ್ ಓಟ ನಿಲ್ಲುತ್ತದೆ. ಕಥೆ ನಿಂತ ನೆಲ ನನಗೆ ಗಟ್ಟಿಯಾಗಿ ಕಾಣುವುದಿಲ್ಲ.

ಕಾಫಿಕಣ

ಅಕ್ಕ, ಬರೆದದ್ದಕ್ಕೆ ಧನ್ಯವಾದ. ಶನಿವಾರ ನಾನು ಕಥೆ ಹೇಳುವಾಗ ಯಾವ ಪಕ್ಷ ಯಾಕೆ ಯುದ್ಧ ಮಾಡುತ್ತಿತ್ತು ಅಂತ ಒಂದು ಮಾತೂ ಹೇಳಲಿಲ್ಲ. ಹೇಳಬೇಕಿತ್ತು. ಮಕ್ಕಳು ಬೂದು ಬಣ್ಣದ ಬಟ್ಟೆಯ ದಕ್ಷಿಣದವರು ಒಳ್ಳೆಯವರು ಅಂದುಕೊಂಡೇ ಮನೆಗೆ ಹೋಗಿದ್ದಾರೆ. ಮುಂದಿನ ಸಲ ಹಾಕುವಾಗ ಮೊದಲು ಇದನ್ನೇ ಹೇಳುತ್ತೇನೆ. ನೀವೂ ಬನ್ನಿ, ನೀವೇ ಹೇಳಿ.

ವಿರಾಜಪೇಟೆ ಮೇಷ್ಟ್ರು

ಸಿದ್ದಾಪುರದವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಹಾಗಂತ ತೋರಿಸುವುದೇ ಬೇಡ ಅಂತ ಅವರೂ ಹೇಳಿಲ್ಲ.

ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಇದನ್ನು ಎರಡು ಪೀರಿಯಡ್‌ನಲ್ಲಿ ತೋರಿಸಿದೆ. ಮೂವತ್ತೊಂದು ಮಕ್ಕಳಲ್ಲಿ ರೈಲಿನಲ್ಲಿ ಕೂತವರು ಹನ್ನೆರಡು ಜನ. ಅವರ ಪ್ರಶ್ನೆಗಳೆಲ್ಲ ಎಂಜಿನ್ ಬಗ್ಗೆ. ಸೌದೆಯಲ್ಲಿ ಓಡುತ್ತಾ? ನೀರು ಯಾಕೆ ತುಂಬಿಸುತ್ತಾರೆ? ಚಕ್ರ ಜಾರಿದಾಗ ಹಳಿಗೆ ಮಣ್ಣು ಯಾಕೆ ಹಾಕುತ್ತಾನೆ? ವಿಜ್ಞಾನದ ಮೇಷ್ಟ್ರನ್ನು ಕರೆಸಬೇಕಾಯಿತು. ಮಾತಿದ್ದ ಚಿತ್ರ ಆಗಿದ್ದರೆ ಇಂಗ್ಲಿಷ್ ಅರ್ಥ ಆಗಲಿಲ್ಲ ಅಂತ ಅರ್ಧ ಕ್ಲಾಸ್ ಕಿಟಕಿ ನೋಡುತ್ತಿತ್ತು. ಇಲ್ಲಿ ಕೊಡವ, ಅರೆಭಾಷೆ, ತುಳು, ಮಲಯಾಳ ಮನೆಮಾತಿನ ಮಕ್ಕಳೆಲ್ಲ ಒಂದೇ ಸಲ ನಕ್ಕರು. ಅದು ನನಗೆ ದೊಡ್ಡ ವಿಷಯ.

ನಮ್ಮಲ್ಲೂ ಇದು ಹೊಸದಲ್ಲ. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೂಕಿ. ಕನ್ನಡದ ಮೊದಲ ಮಾತಿನ ಚಿತ್ರ ಬಂದದ್ದು 1934ರಲ್ಲಿ, ‘ಸತಿ ಸುಲೋಚನಾ’. ಅದಕ್ಕೂ ಮುಂಚೆ ನಮ್ಮ ಕೈಲಾಸಂ ಅವರೇ ಒಂದು ಮೂಕಿ ಚಿತ್ರದಲ್ಲಿ ನಟಿಸಿದ್ದರು, ಶೂದ್ರಕನ ‘ಮೃಚ್ಛಕಟಿಕ’ದ ಕಥೆ. ಮಾತಿಗೇ ಹೆಸರಾದವರು ಮಾತಿಲ್ಲದ ಚಿತ್ರದಲ್ಲಿ! ನಮ್ಮ ದೇಶದ ಮೂಕಿ ಚಿತ್ರಗಳಲ್ಲಿ ಬಹುಪಾಲು ಕಳೆದುಹೋಗಿವೆ. ಕೀಟನ್ ಅವರ ಚಿತ್ರ ಉಳಿದದ್ದಕ್ಕೇ ನಾವು ಇವತ್ತು ಇಲ್ಲಿ ಜಗಳ ಆಡುತ್ತಿದ್ದೇವೆ. ನಮ್ಮದನ್ನು ನೋಡಿ ಜಗಳ ಆಡುವ ಅವಕಾಶವೇ ನಮಗೆ ಸಿಗಲಿಲ್ಲ. ಇದು ನೆನಪಾದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಒಂದು ಕಡೆ ಮಾತ್ರ ತೊಡಕಾಯಿತು. ಎಂಜಿನ್ನಿಗೆ ಸೌದೆ ಹಾಕು ಅಂದರೆ ಆನಬೆಲ್ ಒಂದು ಚಿಕ್ಕ ಚಕ್ಕೆ ಹಾಕುತ್ತಾಳೆ. ತೂತಿರುವ ಒಂದು ತುಂಡನ್ನು ಚೆನ್ನಾಗಿಲ್ಲ ಅಂತ ಆಚೆ ಎಸೆಯುತ್ತಾಳೆ. ಜಾನಿ ಇನ್ನೂ ಚಿಕ್ಕ ಕಡ್ಡಿ ಕೊಡುತ್ತಾನೆ, ಅದನ್ನೂ ನೀಟಾಗಿ ಹಾಕುತ್ತಾಳೆ. ಆಗ ಅವಳ ಕುತ್ತಿಗೆ ಹಿಡಿದು ಅಲ್ಲಾಡಿಸುತ್ತಾನೆ, ಮರುಕ್ಷಣವೇ ಮುತ್ತು ಕೊಡುತ್ತಾನೆ. ಹುಡುಗರು ನಕ್ಕರು. ಮುಂದಿನ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿ, ‘ಸರ್, ಕುತ್ತಿಗೆ ಹಿಡಿದದ್ದು ತಮಾಷೆ ಹೇಗೆ?’ ಅಂತ ಕೇಳಿದಳು. ತಮಾಷೆ ಅಲ್ಲ ಅಂತಲೇ ಹೇಳಿದೆ.

ಮಿಲಿಟರಿ ಮನೆಯವಳು

ಮೇಷ್ಟ್ರೇ, ಆ ಹುಡುಗಿಗೆ ನನ್ನ ಪರವಾಗಿ ಶಾಬಾಷ್ ಹೇಳಿ.

ಆದರೆ ಆನಬೆಲ್ ಪೂರ್ತಿ ದಡ್ಡಿ ಅಲ್ಲ, ಇದನ್ನೂ ಅವಳಿಗೆ ತೋರಿಸಿ. ಹಿಂದೆ ಬರುತ್ತಿರುವ ರೈಲನ್ನು ತಡೆಯಲು ಹಳಿಗೆ ಅಡ್ಡಲಾಗಿ ಎರಡು ಚಿಕ್ಕ ಮರಗಳಿಗೆ ಹಗ್ಗ ಕಟ್ಟುತ್ತಾಳೆ. ಜಾನಿ ಇದೇನು ಅನ್ನುವ ಹಾಗೆ ನೋಡುತ್ತಾನೆ. ಆಮೇಲೆ ಅದೇ ಹಗ್ಗ ಮರಗಳ ಸಮೇತ ಕಿತ್ತುಕೊಂಡು ಬಂದು ಆ ರೈಲಿನವರನ್ನು ಗೋಜಲು ಮಾಡುತ್ತದೆ. ಅವಳ ಉಪಾಯ ಕೆಲಸ ಮಾಡಿತು, ಅವನಿಗೆ ಅದು ಗೊತ್ತೇ ಆಗಲಿಲ್ಲ. ಆನಬೆಲ್ ಪಾತ್ರದ ಮೇರಿಯನ್ ಮ್ಯಾಕ್ ಅದನ್ನು ಎಷ್ಟು ಸಹಜವಾಗಿ ಮಾಡಿದ್ದಾರೆ ನೋಡಿ.

ನನಗೆ ಅವಳ ಮೇಲೆ ಸಿಟ್ಟು ಬಂದದ್ದು ಬೇರೆ ಕಡೆ. ಯೂನಿಫಾರ್ಮ್ ಇಲ್ಲದೆ ಮಾತಾಡಬೇಡ ಅಂದ ಮಾತಿಗೆ. ನನ್ನ ಗಂಡ ಹದಿನೇಳು ವರ್ಷ ಸರ್ವಿಸ್ ಮಾಡಿ ಬಂದಿದ್ದಾರೆ. ಅವರ ತಮ್ಮ ಸೆಲೆಕ್ಟ್ ಆಗಲಿಲ್ಲ. ನಮ್ಮ ಮನೆಯಲ್ಲಿ ಮದುವೆ, ನಾಮಕರಣ ಏನೇ ಆಗಲಿ, ಅವರು ಪಂದಿ ಕರಿ ಬಡಿಸುವ ಕಡೆಯೇ ನಿಂತಿರುತ್ತಾರೆ, ಕೂತು ಮಾತಾಡುವ ಕಡೆ ಬರುವುದಿಲ್ಲ. ಯಾರೂ ಅವರಿಗೆ ಏನೂ ಅಂದಿಲ್ಲ. ಅನ್ನದೇ ಇರುವುದೇ ಭಾರ. ಕಾಫಿಕಣ, ನೀವು ಕಣದಲ್ಲಿ ಕೂತಿದ್ದೆ ಅಂತ ಬರೆದದ್ದನ್ನು ಓದಿ ನಾನು ಅವರಿಗೆ ಫೋನ್ ಮಾಡಿದೆ. ಸುಮ್ನೆ, ಊಟ ಆಯ್ತಾ ಅಂತ ಕೇಳಿದೆ.

ಮಂಟಪದ ಕೈಕೆಲಸ

ಗೋಣಿಕೊಪ್ಪಲು ತಮ್ಮ ಮುಖದ ಬಗ್ಗೆ ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಪ್ರಯತ್ನ ಮಾಡುತ್ತೇನೆ.

ಮಡಿಕೇರಿ ದಸರಾದ ಹತ್ತು ಮಂಟಪಗಳಲ್ಲಿ ಒಂದಕ್ಕೆ ನಾನು ಎಂಟು ವರ್ಷದಿಂದ ಕೆಲಸ ಮಾಡುತ್ತೇನೆ. ಮೂರ್ತಿಗಳಿಗೆ ಚಲನೆ ಕೊಡುವ ಕೆಲಸ. ಅಲ್ಲಿ ದೇವರ ಮುಖ, ರಾಕ್ಷಸನ ಮುಖ ಬದಲಾಗುವುದಿಲ್ಲ. ಬಣ್ಣ ಬಳಿದ ಹಾಗೇ ಇರುತ್ತದೆ. ಆದರೂ ರಾತ್ರಿ ಎರಡು ಗಂಟೆಗೆ ರಸ್ತೆಯಲ್ಲಿ ನಿಂತ ಜನ ದೇವಿ ಸಿಟ್ಟಾದಳು ಅನ್ನುತ್ತಾರೆ. ಹೇಗೆ? ಮೊದಲು ತಲೆ ನಿಧಾನ ತಿರುಗಬೇಕು. ಒಂದು ಕ್ಷಣ ನಿಲ್ಲಬೇಕು. ಆಮೇಲೆ ಕೈ ಏಳಬೇಕು. ಆ ನಿಲ್ಲುವ ಕ್ಷಣದಲ್ಲಿ ಜನ ತಾವೇ ಸಿಟ್ಟನ್ನು ಮುಖದ ಮೇಲೆ ಇಡುತ್ತಾರೆ. ತಲೆ, ಕೈ ಒಟ್ಟಿಗೆ ಎದ್ದರೆ ಬರೀ ಯಂತ್ರ ಕಾಣುತ್ತದೆ. ಇದನ್ನು ಕಲಿಯಲು ನನಗೆ ಮೂರು ದಸರಾ ಬೇಕಾಯಿತು.

ಕೀಟನ್ ಮಾಡುವುದು ಇದನ್ನೇ. ಮುಖ ಸುಮ್ಮನಿರುತ್ತದೆ, ಕತ್ತು, ಬೆನ್ನು, ಟೋಪಿ ಎಲ್ಲ ಮಾತಾಡುತ್ತವೆ. ಸೌದೆ ಕಡಿಯುವ ದೃಶ್ಯ ಇನ್ನೊಮ್ಮೆ ನೋಡು. ಎಂಜಿನ್ ಓಡುತ್ತಿದೆ, ಇವನು ತಲೆ ತಗ್ಗಿಸಿ ಕೊಡಲಿ ಬೀಸುತ್ತಿದ್ದಾನೆ. ಹಿಂದೆ ದೂರದಲ್ಲಿ ಇವನ ಕಡೆಯ ಸೈನ್ಯ ಪೂರ್ತಿ ಹಿಂದಕ್ಕೆ ಓಡಿಹೋಗುತ್ತದೆ. ಆಮೇಲೆ ಶತ್ರು ಸೈನ್ಯ ಪೂರ್ತಿ ಮುಂದಕ್ಕೆ ಬರುತ್ತದೆ. ಇವನು ಕಡಿಯುತ್ತಲೇ ಇದ್ದಾನೆ. ನಮಗೆ ಎರಡೂ ಒಟ್ಟಿಗೆ ಕಾಣುವ ಹಾಗೆ ಕ್ಯಾಮೆರಾ ದೂರ ಇಟ್ಟಿದ್ದಾರೆ. ಹತ್ತಿರ ತಂದು ಮುಖ ತೋರಿಸಿದ್ದರೆ ಸೈನ್ಯ ಕಾಣುತ್ತಿರಲಿಲ್ಲ. ಅವನು ತಲೆ ಎತ್ತಿದಾಗ ಶತ್ರುಗಳ ಮಧ್ಯೆ ಇರುತ್ತಾನೆ. ಆಗಲೂ ಮುಖ ಅದೇ. ಹೆದರಿಕೆ ಆಗುವುದು ನಮಗೆ.

ಇದನ್ನು ಐದಾರು ಇಂಚಿನ ಫೋನಿನಲ್ಲಿ ನೋಡಿದರೆ ಹಿಂದಿನ ಸೈನ್ಯ ಇರುವೆ ಸಾಲಿನ ಹಾಗೆ ಕಾಣುತ್ತದೆ ತಮ್ಮಾ. ಅದಕ್ಕೇ ನಿನಗೆ ಎಳೆದ ಹಾಗೆ ಅನ್ನಿಸಿರಬಹುದು.

ಗೋಣಿಕೊಪ್ಪಲು ಹುಡುಗ

ಆ ಸೈನ್ಯ ನಾನು ನೋಡೇ ಇಲ್ಲ ಅಣ್ಣ. ಬರೀ ಸೌದೆ ಕಡಿಯುತ್ತಾನೆ, ಇದರಲ್ಲಿ ಏನಿದೆ ಅಂದುಕೊಂಡಿದ್ದೆ. ಈಗ ಲ್ಯಾಪ್‌ಟಾಪ್‌ನಲ್ಲಿ ಹಾಕಿ ನೋಡಿದೆ. ಪಕ್ಕದ ರೂಮಿನವರನ್ನೂ ಕರೆದೆ.

ಆದರೂ ಎರಡು ಮಾತು ಬಿಡುವುದಿಲ್ಲ. ಮೊದಲ ಕಾಲು ಗಂಟೆ ನಿಧಾನವೇ. ಇನ್ನು ಕೊನೆಯ ಯುದ್ಧದಲ್ಲಿ ಫಿರಂಗಿ ಹತ್ತಿರ ನಿಂತವರು ಒಬ್ಬೊಬ್ಬರೇ ಗುಂಡು ಬಿದ್ದು ಸಾಯುತ್ತಾರೆ. ಜಾನಿ ಯಾಕೆ ಅಂತ ಗೊತ್ತಾಗದೆ ಸುತ್ತ ನೋಡುತ್ತಾನೆ. ಅವನ ಕತ್ತಿಯ ಅಲಗು ಹಿಡಿಯಿಂದ ಕಳಚಿ ಹಾರಿ, ಅಡಗಿ ಕೂತು ಗುಂಡು ಹೊಡೆಯುತ್ತಿದ್ದವನಿಗೆ ಚುಚ್ಚುತ್ತದೆ. ಅಲ್ಲಿ ನಗಬೇಕಾ? ನನಗೆ ಆಗಲಿಲ್ಲ.

ಕುಶಾಲನಗರ ಎಡಿಟಿಂಗ್

ಅದು ನಿನ್ನೊಬ್ಬನ ದೂರಲ್ಲ. ಚಿತ್ರ ಬಂದಾಗಲೂ ವಿಮರ್ಶಕರು ಇದೇ ಹೇಳಿದ್ದರು, ಸಾವನ್ನು ತಮಾಷೆಗೆ ಬಳಸಿದ್ದು ಸರಿಯಲ್ಲ ಅಂತ. ಚಿತ್ರ ದುಡ್ಡೂ ಮಾಡಲಿಲ್ಲ. ಅದಾಗಿ 1928ರಲ್ಲಿ ಕೀಟನ್ ಎಂಜಿಎಂ ಅನ್ನುವ ದೊಡ್ಡ ಚಿತ್ರ ಕಂಪನಿಗೆ ಸೇರಿದರು. ತಮ್ಮಿಷ್ಟದಂತೆ ಚಿತ್ರ ಮಾಡುವ ಸ್ವಾತಂತ್ರ್ಯ ಅಲ್ಲಿಗೆ ಹೋಯಿತು. ಆದರೆ ತಮ್ಮ ಚಿತ್ರಗಳಲ್ಲಿ ಅವರಿಗೆ ತುಂಬಾ ಇಷ್ಟವಾದದ್ದು ಇದೇ. ದಶಕಗಳು ಕಳೆದ ಮೇಲೆ ಜನ ಮತ್ತೆ ನೋಡಿದರು. 1989ರಲ್ಲಿ ಅಮೆರಿಕ ಸರ್ಕಾರ ಕಾಪಾಡಬೇಕಾದ ಚಿತ್ರಗಳು ಅಂತ ಮೊದಲ ಸಲ 25 ಆರಿಸಿತು. ಅದರಲ್ಲಿ ಇದೂ ಒಂದು.

ರೈಲ್ವೆ ಕೊಡಗಿನವ

ಒಂದು ಪ್ರಶ್ನೆ. ಅಂದು ರಾತ್ರಿ ಅಜ್ಜಿ ಏನಂದರು? ದೊಡ್ಡಪ್ಪ ಏನಂದರು? ಅದನ್ನು ಬರೆಯಲೇ ಇಲ್ಲವಲ್ಲ.

ಕಾಫಿಕಣ

ಬರೆಯುತ್ತೇನೆ. ಎರಡು ದಿನ ತೋಟದಲ್ಲಿ ಮರ ಬಿದ್ದು ಕರೆಂಟ್ ಇರಲಿಲ್ಲ, ಅದಕ್ಕೆ ತಡವಾಯಿತು.

ಅಜ್ಜಿಗೆ ಕಣ್ಣು ಸ್ವಲ್ಪ ಮಂಜು. ಮುಂದೆ ಕೂರಿಸಿದ್ದೆ. ಆನಬೆಲ್ ಕಡ್ಡಿ ಹಾಕಿದಾಗ ಇಡೀ ಗೋಡೌನಿಗೆ ಕೇಳುವ ಹಾಗೆ, ‘ಈ ಹುಡುಗಿ ಬಚ್ಚಲ ಒಲೆ ಹಚ್ಚಿಲ್ಲ, ಅಷ್ಟು ದೊಡ್ಡ ಒಲೆಗೆ ಅದು ಸಾಲುತ್ತಾ’ ಅಂದರು. ಎಲ್ಲರೂ ನಕ್ಕರು. ಆಮೇಲೆ ಕುತ್ತಿಗೆ ಹಿಡಿದಾಗ, ‘ಏಯ್ ಬಿಡೋ’ ಅಂತ ಗದರಿಸಿದರು. ಮೇಷ್ಟ್ರ ಕ್ಲಾಸಿನ ಹುಡುಗಿ ಕೇಳಿದ್ದೂ ಅದೇ ಅಲ್ವಾ.

ದೊಡ್ಡಪ್ಪ ಹವಾಲ್ದಾರ್ ಆಗಿ ರಿಟೈರ್ ಆದವರು. ಗೋಣಿಕೊಪ್ಪಲು ತಮ್ಮ ಹೇಳಿದ ಫಿರಂಗಿ ದೃಶ್ಯದಲ್ಲಿ ಅವರೂ ನಗಲಿಲ್ಲ, ಪಕ್ಕದ ಇಬ್ಬರೂ ನಗಲಿಲ್ಲ. ಒಬ್ಬರು ಎದ್ದು ಬಾಗಿಲ ಹತ್ತಿರ ಹೋಗಿ ಮಳೆ ನೋಡುತ್ತಾ ನಿಂತರು. ಅವರು ಗನ್ನರ್, ಅಂದರೆ ಫಿರಂಗಿ ಹೊಡೆಯುವವರು ಆಗಿದ್ದವರು. ಆ ದೃಶ್ಯ ಮುಗಿದ ಮೇಲೆ ನಾನೇ ಹೋಗಿ ಕರೆದುಕೊಂಡು ಬಂದೆ.

ಕೊನೆಯಲ್ಲಿ ಜಾನಿಗೆ ಯೂನಿಫಾರ್ಮ್ ಸಿಗುತ್ತದೆ, ಲೆಫ್ಟಿನೆಂಟ್ ಆಗುತ್ತಾನೆ. ಆನಬೆಲ್ ಜೊತೆ ಅದೇ ಎಂಜಿನ್ನಿನ ಅದೇ ಸರಳಿನ ಮೇಲೆ ಕೂರುತ್ತಾನೆ. ಮುತ್ತು ಕೊಡಲು ಹೋಗುತ್ತಾನೆ, ಒಬ್ಬ ಸಿಪಾಯಿ ಸೆಲ್ಯೂಟ್ ಹೊಡೆದು ಹೋಗುತ್ತಾನೆ. ಇವನು ಬಿಟ್ಟು ಸೆಲ್ಯೂಟ್ ಮಾಡಬೇಕು. ಮತ್ತೊಬ್ಬ, ಮಗದೊಬ್ಬ. ಆಮೇಲೆ ನೋಡಿದರೆ ಇಡೀ ಕ್ಯಾಂಪಿನವರು ಸಾಲಾಗಿ ಬರುತ್ತಿದ್ದಾರೆ. ಆಗ ಅವನು ಎದ್ದು ಅವಳ ಆ ಬದಿಗೆ ಬಂದು ಕೂರುತ್ತಾನೆ. ಈಗ ಬಲಗೈ ಖಾಲಿ. ಮುತ್ತು ಬಿಡದೆ ಕೈ ಮಾತ್ರ ಏಳುತ್ತದೆ, ಇಳಿಯುತ್ತದೆ, ಏಳುತ್ತದೆ, ಇಳಿಯುತ್ತದೆ. ಸರಳಿನ ಹಾಗೆ.

ದೊಡ್ಡಪ್ಪ ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದು ನಾನು ದೊಡ್ಡಮ್ಮ ತೀರಿಕೊಂಡ ಮೇಲೆ ನೋಡಿರಲಿಲ್ಲ. ‘ಎಡಗೈಯಲ್ಲಿ ಸೆಲ್ಯೂಟ್ ಹೊಡೆಯಲಿಲ್ಲ ನೋಡು, ಜಾಗ ಬದಲಾಯಿಸಿದ. ಸರಿಯಾದ ಸಿಪಾಯಿ’ ಅಂದರು.

ಎಲ್ಲರೂ ಕೊಡೆ ಹಿಡಿದು ಹೋದ ಮೇಲೆ ನಾನು ಪಂಚೆ ಬಿಚ್ಚುತ್ತಿದ್ದೆ. ದೊಡ್ಡಪ್ಪ ಟಾರ್ಚ್ ಹಿಡಿದು ನಿಂತಿದ್ದರು. ‘ನಿನಗೆ ಅವತ್ತು ಮೆಡಿಕಲ್‌ನಲ್ಲಿ ಏನಂತ ಬರೆದಿದ್ದರು?’ ಅಂತ ಕೇಳಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಬಲಗಿವಿ ಅಂದೆ. ಅವರು ಟಾರ್ಚ್ ಎಡಗೈಗೆ ಬದಲಾಯಿಸಿಕೊಂಡು, ಬಲಗೈಯಲ್ಲಿ ಪಂಚೆಯ ಆ ತುದಿ ಹಿಡಿದರು. ಇಬ್ಬರೂ ಸೇರಿ ಮಡಚಿದೆವು.

ಮುಂದಿನ ಶನಿವಾರ ಮತ್ತೆ ಹಾಕು ಅಂತ ಅವರೇ ಹೇಳಿದ್ದಾರೆ. ಸಿದ್ದಾಪುರದ ಅಕ್ಕ, ಸಂಜೆ ಏಳಕ್ಕೆ. ನೀವು ಮೊದಲು ಮಾತಾಡಿ, ಆಮೇಲೆ ಚಿತ್ರ ಹಾಕೋಣ.

ಸಿದ್ದಾಪುರದವಳು

ಬರುತ್ತೇನೆ. ಅಜ್ಜಿಯನ್ನೂ ಕರೆದುಕೊಂಡು ಬರುತ್ತೇನೆ, ಕೂರಲು ಒಂದು ಎತ್ತರದ ಕುರ್ಚಿ ಬೇಕು.